ಫ್ರೀಮೇಸನ್ ಆದರೆ ವಶೀಲಿ ಸಿಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೀಮೇಸನ್‌ಗಳ ಮಾತು ಬಂದರೆ ಕೆಲವರು "ಜಗತ್ತನ್ನೇ ಆಳುವವರು ಅವರು" ಅನ್ನುತ್ತಾರೆ. ಇನ್ನು ಕೆಲವರು "ದಾನಧರ್ಮ ಮಾಡಿ, ಊಟ ಮುಗಿಸಿ ಮನೆಗೆ ಹೋಗುವ ಹಿರಿಯರು, ಅಷ್ಟೇ" ಅನ್ನುತ್ತಾರೆ. ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನ ಉದಾಹರಣೆಗಳು ಇಂಗ್ಲೆಂಡಿನವು. ಸಂಸ್ಥೆಯ ಈಗಿನ ರೂಪ ಹುಟ್ಟಿದ್ದು ಅಲ್ಲಿ, ಅದರ ಬಗೆಗಿನ ತಕರಾರುಗಳು ಚೆನ್ನಾಗಿ ದಾಖಲಾಗಿರುವುದೂ ಅಲ್ಲೇ.

## ಮೊದಲ ಪ್ರಶ್ನೆಗಳು

ಫ್ರೀಮೇಸನ್ ಅಂದ್ರೆ ಯಾರು? ಗಾರೆ ಕೆಲಸದವರಾ?

ಹೆಸರು ಬಂದದ್ದು ಅಲ್ಲಿಂದಲೇ. ಮಧ್ಯಯುಗದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಚರ್ಚು, ಕೋಟೆ ಕಟ್ಟುತ್ತಿದ್ದ ಕಲ್ಲುಕುಟಿಗರಿಗೆ ತಮ್ಮದೇ ಕಟ್ಟುಪಾಡುಗಳಿದ್ದವು. 17ನೇ ಶತಮಾನದಲ್ಲಿ ಉಳಿ ಹಿಡಿಯದ ಜನರೂ ಅವರ ಕೂಟಗಳಿಗೆ ಸೇರತೊಡಗಿದರು. ಪುರಾವಸ್ತು ಆಸಕ್ತ ಎಲಿಯಾಸ್ ಆ್ಯಶ್ಮೋಲ್ ತಾನು 1646ರಲ್ಲಿ ವಾರಿಂಗ್ಟನ್ನಿನಲ್ಲಿ ಸೇರಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು, ಅಂದರೆ ಸದಸ್ಯರ ಗುಂಪುಗಳು, ಒಂದು ಮದ್ಯದಂಗಡಿಯಲ್ಲಿ ಕೂಡಿ ತಮ್ಮೆಲ್ಲರ ಮೇಲಿನ ಸಂಸ್ಥೆಯಾಗಿ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಸಂಸ್ಥೆ ಹೇಳಿಕೊಂಡು ಬಂದ ಚರಿತ್ರೆ. ಆ ವಿವರ ಅಚ್ಚಾದದ್ದು 1738ರಲ್ಲಿ. ಅದಕ್ಕೇ ಕೆಲವು ಇತಿಹಾಸಕಾರರು ಈ ತಾರೀಖನ್ನು ಒಪ್ಪುವುದಿಲ್ಲ. ಪೈಪೋಟಿಯ ಎರಡು ಬಣಗಳು 1813ರಲ್ಲಿ ಒಂದಾಗಿ ಈಗಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ಆಯಿತು.

ಇವತ್ತಿನ ಸದಸ್ಯರು ಕಲ್ಲು ಕಡೆಯುವುದಿಲ್ಲ. ಆ ಕಸುಬಿನ ಉಪಕರಣಗಳನ್ನು ನಡತೆಯ ಪಾಠಕ್ಕೆ ಬಳಸುತ್ತಾರೆ. ಮೂಲೆಮಟ್ಟ ಎಂದರೆ ವ್ಯವಹಾರ ನೇರವಾಗಿರಲಿ, ಕೈವಾರ ಎಂದರೆ ಆಸೆಗೊಂದು ಗೆರೆ ಇರಲಿ. ಅವರ ಲಾಂಛನದಲ್ಲಿರುವುದು ಇವೆರಡೇ.

ಲಾಡ್ಜ್ ಅಂದ್ರೆ ಕಟ್ಟಡವಾ?

ನಮ್ಮಲ್ಲಿ ಲಾಡ್ಜ್ ಎಂದರೆ ರೂಮು ಬಾಡಿಗೆಗೆ ಸಿಗುವ ಜಾಗ. ಇವರಲ್ಲಿ ಲಾಡ್ಜ್ ಎಂದರೆ ಸದಸ್ಯರ ಗುಂಪು. ಒಂದೇ ಕಟ್ಟಡದಲ್ಲಿ ಹತ್ತಾರು ಲಾಡ್ಜ್‌ಗಳು ಬೇರೆ ಬೇರೆ ದಿನ ಸೇರುವುದುಂಟು.

ಇದೊಂದು ಧರ್ಮವಾ? ಹಿಂದೂಗಳು ಸೇರಬಹುದಾ?

ಧರ್ಮವಲ್ಲ, ಆದರೆ ಇಂಗ್ಲೆಂಡಿನ ಪದ್ಧತಿಯಲ್ಲಿ ದೇವರಲ್ಲಿ ನಂಬಿಕೆ ಇಲ್ಲದವರಿಗೆ ಪ್ರವೇಶವಿಲ್ಲ. ಯಾವ ದೇವರು ಎಂದು ಕೇಳುವುದಿಲ್ಲ. "ವಿಶ್ವದ ಮಹಾಶಿಲ್ಪಿ" ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಪ್ರಮಾಣ ಮಾಡುವವನ ಮುಂದೆ ಅವನ ಧರ್ಮಗ್ರಂಥವನ್ನೇ ಇಡುತ್ತಾರೆ. ಭಾರತದ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಝೆಂಡ್ ಅವೆಸ್ತಾಗಳನ್ನು ಒಟ್ಟಿಗೆ ಇಡುವ ರೂಢಿ ಇದೆ. ಹಿಂದೂಗಳಿಗೆ ಈ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಕಲ್ಕತ್ತೆಯಲ್ಲಿ ಪಿ. ಸಿ. ದತ್ ಅವರನ್ನು ಸೇರಿಸಿಕೊಳ್ಳಲು ವರ್ಷಗಟ್ಟಲೆ ವಾದ ನಡೆದು, ಕೊನೆಗೆ 1872ರಲ್ಲಿ ದೀಕ್ಷೆಯಾಯಿತು.

ಕ್ಯಾಥೊಲಿಕ್ ಚರ್ಚು 1738ರಿಂದ ತನ್ನವರಿಗೆ ಇದನ್ನು ನಿಷೇಧಿಸಿದೆ, 1983ರಲ್ಲಿ ಮತ್ತು 2023ರಲ್ಲಿ ಅದನ್ನೇ ಮತ್ತೆ ಹೇಳಿದೆ. ಫ್ರಾನ್ಸಿನ ಮೇಸನ್ ಸಂಸ್ಥೆ ಗ್ರ್ಯಾಂಡ್ ಓರಿಯಂಟ್ 1877ರಲ್ಲಿ ದೇವರ ಷರತ್ತನ್ನೇ ಕೈಬಿಟ್ಟಿತು. ಇಂಗ್ಲೆಂಡಿನವರು ಅದರೊಂದಿಗೆ ಸಂಬಂಧ ಕಡಿದುಕೊಂಡರು. ಆದ್ದರಿಂದ "ಫ್ರೀಮೇಸನ್‌ಗಳೆಲ್ಲ ಒಂದೇ ಸಂಘಟನೆ" ಎಂಬ ಮಾತು ಬುಡದಲ್ಲೇ ತಪ್ಪು.

ಇಲ್ಯುಮಿನಾಟಿ ಅಂದ್ರೂ ಇದೇನಾ? "ಸೇರಿ, ಕೋಟಿ ಗಳಿಸಿ" ಅಂತ ವಾಟ್ಸಾಪಿಗೆ ಬರುತ್ತಲ್ಲ?

ಇಲ್ಯುಮಿನಾಟಿ 1776ರಲ್ಲಿ ಬವೇರಿಯಾದಲ್ಲಿ ಆ್ಯಡಮ್ ವೈಸ್‌ಹೌಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿದ ಬೇರೆಯದೇ ಕೂಟ. ಹತ್ತು ವರ್ಷದೊಳಗೆ ಅಲ್ಲಿನ ಸರಕಾರವೇ ಅದನ್ನು ಮುಚ್ಚಿಸಿತು. ವಾಟ್ಸಾಪಿನಲ್ಲಿ ಬರುವುದು ಶುದ್ಧ ವಂಚನೆ. ಮೊದಲು "ನೋಂದಣಿ ಶುಲ್ಕ", ಆಮೇಲೆ "ಉಂಗುರದ ಕೊರಿಯರ್", ಆಮೇಲೆ "ವಿದೇಶಿ ಹಣ ಬಿಡಿಸಲು ತೆರಿಗೆ" ಎಂದು ಕಂತುಕಂತಾಗಿ ಕೀಳುತ್ತಾರೆ. ನಿಜವಾದ ಯಾವ ಲಾಡ್ಜೂ ಮುಖ ನೋಡದೆ, ಮತಕ್ಕೆ ಹಾಕದೆ ಹಣ ತೆಗೆದುಕೊಳ್ಳುವುದಿಲ್ಲ. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುತ್ತದೆ.

ಕರ್ನಾಟಕದಲ್ಲೂ ಇದ್ದಾರಾ?

ಇದ್ದಾರೆ. ಈಸ್ಟ್ ಇಂಡಿಯಾ ಕಂಪನಿಯವರ ಜೊತೆ 1730ರ ಹೊತ್ತಿಗೆ ಕಲ್ಕತ್ತೆಗೆ ಬಂದ ಈ ಪದ್ಧತಿ ದಂಡು, ರೈಲು, ಕಚೇರಿ ಇದ್ದ ಊರುಗಳಿಗೆಲ್ಲ ಹರಡಿತು. 1961ರ ನವೆಂಬರ್ 24ರಂದು ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ಗಳ ಒಪ್ಪಿಗೆಯಿಂದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ರಾಮ್‌ಪುರದ ನವಾಬ ಸೈಯದ್ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್, ಅಂದರೆ ಮುಖ್ಯಸ್ಥ. ಬೆಂಗಳೂರು, ಮೈಸೂರಿನ ಲಾಡ್ಜ್‌ಗಳು ದಕ್ಷಿಣ ಭಾರತದ ಪ್ರಾದೇಶಿಕ ಗ್ರ್ಯಾಂಡ್ ಲಾಡ್ಜಿನ ಅಡಿ ಬರುತ್ತವೆ.

## ಸೇರುವ ವಿಚಾರ

ಸೇರೋದು ಹೇಗೆ? ಅವರೇ ಬಂದು ಕರೀಬೇಕಾ?

ಕರೆಯಲಿ ಎಂದು ಕಾಯಬೇಕಿಲ್ಲ, ಕೇಳುವುದೇ ಸರಿಯಾದ ದಾರಿ. ಪರಿಚಯದ ಸದಸ್ಯರಿಲ್ಲದಿದ್ದರೆ ಗ್ರ್ಯಾಂಡ್ ಲಾಡ್ಜ್ ಕಚೇರಿಗೆ ಬರೆಯಬಹುದು. ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು. ಅರ್ಜಿ ಕೊಟ್ಟ ಮೇಲೆ ನಾಲ್ಕೈದು ಸದಸ್ಯರು ಕೂತು ಮಾತಾಡಿಸುತ್ತಾರೆ: ದೇವರಲ್ಲಿ ನಂಬಿಕೆ ಇದೆಯೇ, ಮನೆಯವರ ಒಪ್ಪಿಗೆ ಇದೆಯೇ, ವಂತಿಗೆ ಕಟ್ಟಿದರೆ ಸಂಸಾರಕ್ಕೆ ಕಷ್ಟವಾಗುತ್ತದೆಯೇ, ಯಾಕೆ ಸೇರಬೇಕು ಅನಿಸಿತು. ನಂತರ ಹೆಸರನ್ನು ಸಭಾಪತ್ರದಲ್ಲಿ ಹಾಕಿ ಗುಪ್ತ ಮತಕ್ಕೆ ಇಡುತ್ತಾರೆ.

ಆ ಮತದಾನ ನೋಡುವಂಥದ್ದು. ಮರದ ಪೆಟ್ಟಿಗೆ ಕೈಯಿಂದ ಕೈಗೆ ಬರುತ್ತದೆ. ಪ್ರತಿಯೊಬ್ಬನೂ ಗೋಲಿಯನ್ನು ಮುಷ್ಟಿಯಲ್ಲಿಟ್ಟು ಪೆಟ್ಟಿಗೆಯ ಬಾಯೊಳಗೆ ಕೈ ತೂರಿಸುತ್ತಾನೆ; ಒಳಗೆ ಯಾವ ಕಡೆಗೆ ಹಾಕಿದ ಎಂಬುದು ಪಕ್ಕದವನಿಗೂ ಕಾಣದು. ಇಂಗ್ಲೆಂಡಿನ ನಿಯಮದಂತೆ ವಿರುದ್ಧವಾಗಿ ಮೂರು ಮತ ಬಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಲಾಡ್ಜ್ ತನ್ನ ಉಪನಿಯಮದಲ್ಲಿ ಅದನ್ನು ಎರಡಕ್ಕೆ, ಒಂದಕ್ಕೂ ಇಳಿಸಿಕೊಳ್ಳಬಹುದು. ಕಾರಣ ಯಾರೂ ಹೇಳಬೇಕಾಗಿಲ್ಲ.

ಅರ್ಜಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹಳೆಯ ಕ್ರಿಮಿನಲ್ ಕೇಸನ್ನು ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದು ಒಂದು. "ನೆಟ್‌ವರ್ಕ್ ಬೆಳೆಯುತ್ತದೆ ಅಂತ" ಎಂದು ಸಂದರ್ಶನದಲ್ಲೇ ಬಾಯಿಬಿಡುವುದು ಇನ್ನೊಂದು.

ದೀಕ್ಷೆಯ ದಿನ ಏನು ಮಾಡ್ತಾರೆ? ಭಯ ಪಡಬೇಕಾ?

ಬೇಡ. ಉಂಗುರ, ಗಡಿಯಾರ, ನಾಣ್ಯ, ಲೋಹದ್ದೆಲ್ಲ ತೆಗೆಸುತ್ತಾರೆ. ಕಣ್ಣಿಗೆ ಪಟ್ಟಿ, ಕೊರಳಿಗೆ ಸಡಿಲವಾದ ಹಗ್ಗ, ಒಂದು ಕಾಲಿನ ಪ್ಯಾಂಟು ಮಂಡಿಯವರೆಗೆ ಮಡಚಿ, ಒಂದು ಪಾದಕ್ಕೆ ಚಪ್ಪಲಿ. ಕೈ ಹಿಡಿದು ನಡೆಸುತ್ತಾರೆ, ಪ್ರಮಾಣ ಮಾಡಿಸುತ್ತಾರೆ, ಬಿಳಿ ಕುರಿಚರ್ಮದ ಏಪ್ರನ್ ಕಟ್ಟುತ್ತಾರೆ. ನಾಲಗೆ ಕೀಳುವುದು ಮುಂತಾದ ಹಳೆಯ ಶಿಕ್ಷೆಯ ಮಾತುಗಳನ್ನು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ಪ್ರಮಾಣದಿಂದ ತೆಗೆದುಹಾಕಿತು.

ಇಡೀ ವಿಧಿಯಲ್ಲಿ ನಮಗೆ ಮುಖ್ಯವೆನಿಸುವ ಗಳಿಗೆ ಇದು: ಹೊಸಬನನ್ನು ಕೋಣೆಯ ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗೆಂದು ತಟ್ಟೆ ಮುಂದೊಡ್ಡುತ್ತಾರೆ. ಅವನು ಜೇಬು ತಡಕಿದರೆ ಒಂದು ಬಿಲ್ಲೆಯೂ ಇಲ್ಲ, ಬಾಗಿಲಲ್ಲೇ ಎಲ್ಲ ತೆಗೆಸಿದ್ದಾರೆ. ಕೊಡುವ ಮನಸ್ಸಿದ್ದೂ ಕೈ ಖಾಲಿ ಇರುವುದು ಹೇಗಿರುತ್ತದೆಂದು ಅವನು ಅಲ್ಲಿ ಎಲ್ಲರೆದುರು ಅನುಭವಿಸುತ್ತಾನೆ. ಇಲ್ಲಿಂದ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿ ಬಂದವನಿಗೆ ಮೊದಲ ದಿನದ ಪಾಠವೇ ತಿರುಗಿ ನಿಲ್ಲುತ್ತದೆ.

ಸದಸ್ಯತ್ವದ ಮೆಟ್ಟಿಲು ಮೂರು: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಇಂಗ್ಲೆಂಡಿನಲ್ಲಿ ಎರಡರ ನಡುವೆ ಕನಿಷ್ಠ ನಾಲ್ಕು ವಾರ ಬಿಡಬೇಕು.

ಖರ್ಚು ಎಷ್ಟು ಬರುತ್ತೆ?

ಪ್ರವೇಶ ಶುಲ್ಕ ಒಂದು ಸಲ, ವಂತಿಗೆ ಪ್ರತಿವರ್ಷ, ಸಭೆಯ ನಂತರದ ಊಟ, ಏಪ್ರನ್ ಮತ್ತು ಕಪ್ಪು ಸೂಟು, ದಾನದ ತಟ್ಟೆ. ಲಾಡ್ಜಿನಿಂದ ಲಾಡ್ಜಿಗೆ ಮೊತ್ತ ಬದಲಾಗುತ್ತದೆ. ಕಾರ್ಯದರ್ಶಿಯ ಹತ್ತಿರ ವರ್ಷದ ಒಟ್ಟು ಖರ್ಚನ್ನು ಬರೆಸಿಕೊಳ್ಳಿ. ಬರೀ ವಂತಿಗೆ ಕೇಳಿ ಸೇರಿದವರಿಗೆ ಊಟದ ಬಿಲ್ಲೇ ಭಾರವಾಗುತ್ತದೆ.

ಹೆಂಗಸರಿಗೆ ಇಲ್ವಾ?

ಪುರುಷರ ಲಾಡ್ಜ್‌ಗಳಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 1908ರಿಂದ ಹೆಂಗಸರದೇ ಸಂಸ್ಥೆ ಇದೆ. ಫ್ರಾನ್ಸಿನಲ್ಲಿ 1893ರಲ್ಲಿ ಹುಟ್ಟಿದ ಲ ದ್ರುವಾ ಹ್ಯೂಮೆನ್ ಎಂಬ ಸಂಸ್ಥೆ ಗಂಡು ಹೆಣ್ಣು ಇಬ್ಬರಿಗೂ ತೆರೆದದ್ದು. ಅದನ್ನು ಭಾರತಕ್ಕೆ ತಂದವರು ಆ್ಯನಿ ಬೆಸೆಂಟ್.

## ಲಾಭ ಮತ್ತು ಅನುಮಾನ

ನೇರವಾಗಿ ಹೇಳಿ: ಸೇರಿದರೆ ಕೆಲಸ, ಬಡ್ತಿ, ಟೆಂಡರ್ ಸಿಗುತ್ತಾ?

ಸಿಗಬೇಕೆಂದು ಸೇರುವವನು ಮೊದಲ ಕಾಗದದಲ್ಲೇ ಸುಳ್ಳು ಹೇಳಿರುತ್ತಾನೆ. ಹಣದ ಆಸೆಯಿಂದಾಗಲಿ ಬೇರೆ ಅಯೋಗ್ಯ ಉದ್ದೇಶದಿಂದಾಗಲಿ ಬಂದಿಲ್ಲ ಎಂದು ಪ್ರತಿಯೊಬ್ಬನೂ ಘೋಷಿಸಬೇಕು. ಸದಸ್ಯತ್ವವನ್ನು ವ್ಯಾಪಾರಕ್ಕೋ ಉದ್ಯೋಗಕ್ಕೋ ಬಳಸಿದರೆ ಶಿಸ್ತುಕ್ರಮವಿದೆ, ಉಚ್ಚಾಟನೆಯವರೆಗೂ ಹೋಗಬಹುದು.

ನಿಯಮ ಹೀಗಿದ್ದರೂ ಮನುಷ್ಯ ಮನುಷ್ಯನೇ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು ಉಂಡವನ ಫೋನು ಬೇಗ ಎತ್ತುತ್ತೇವೆ. ಈ ಪರಿಚಯದ ಬಲ ಕ್ಲಬ್ಬಿನಲ್ಲಿದೆ, ಜಾತಿ ಸಂಘದಲ್ಲಿದೆ, ಒಂದೇ ಹಾಸ್ಟೆಲಿನಲ್ಲಿ ಓದಿದವರಲ್ಲಿದೆ. ನಮ್ಮ ಊರುಗಳಲ್ಲಿ ವಶೀಲಿಗೆ ಫ್ರೀಮೇಸನ್ ಆಗಬೇಕಾದ ಅಗತ್ಯ ಯಾರಿಗೂ ಬಿದ್ದಿಲ್ಲ. ಲಾಡ್ಜಿನ ವಿಷಯದಲ್ಲಿ ಬೇರೆ ಏನೆಂದರೆ, ಆ ಸಂಬಂಧ ಹೊರಗಿನವರಿಗೆ ಕಾಣುವುದಿಲ್ಲ. ಜಾತಿ, ಊರು, ಕಾಲೇಜು ಹೆಸರಿನಲ್ಲೋ ಮಾತಿನಲ್ಲೋ ಗೊತ್ತಾಗಿಬಿಡುತ್ತದೆ. ಇದು ಗೊತ್ತಾಗದು. ಅನ್ಯಾಯ ನಡೆಯಿತೇ ಇಲ್ಲವೇ ಎಂದು ಪರೀಕ್ಷಿಸಲಾಗದ ಸ್ಥಿತಿಯೇ ದೊಡ್ಡ ತೊಂದರೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇಲ್ಲಿನ ಮುಂದಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ನಿಜವಾಗಿ ವಶೀಲಿ ನಡೆದದ್ದಕ್ಕೆ ಸಾಕ್ಷಿ ಇದೆಯಾ, ಅಥವಾ ಬರೀ ಗಾಳಿಮಾತಾ?

ಸಾಕ್ಷಿ ಇದೆ. ಅತಿ ಸ್ಪಷ್ಟವಾದದ್ದು ಫ್ರಾನ್ಸಿನದು. ಯುದ್ಧಮಂತ್ರಿ ಜನರಲ್ ಲೂಯಿ ಆಂಡ್ರೆ ಸೇನೆಯಲ್ಲಿ ಗಣರಾಜ್ಯಕ್ಕೆ ನಿಷ್ಠರಾದವರನ್ನು ಮೇಲೆ ತರಬೇಕೆಂದಿದ್ದ. ಆ ಕೆಲಸಕ್ಕೆ ಗ್ರ್ಯಾಂಡ್ ಓರಿಯಂಟಿನ ಲಾಡ್ಜ್‌ಗಳು ಊರೂರಿನ ಸೇನಾಧಿಕಾರಿಗಳ ಬಗ್ಗೆ ಚೀಟಿ ಬರೆದು ಕಳಿಸಿದವು: ಚರ್ಚಿಗೆ ಹೋಗುತ್ತಾನೆಯೇ, ಮಕ್ಕಳು ಯಾವ ಶಾಲೆ, ಹೆಂಡತಿ ಭಕ್ತೆಯೇ. ಬಡ್ತಿಗೆ ಯೋಗ್ಯರ ಪಟ್ಟಿಗೆ "ಕೊರಿಂತ್" ಎಂದೂ ತಡೆಯಬೇಕಾದವರ ಪಟ್ಟಿಗೆ "ಕಾರ್ತೇಜ್" ಎಂದೂ ಹೆಸರು. ಗ್ರ್ಯಾಂಡ್ ಓರಿಯಂಟ್ ಕಚೇರಿಯ ನೌಕರನೊಬ್ಬ ಚೀಟಿಗಳನ್ನು ಮಾರಿದ. 1904ರ ಅಕ್ಟೋಬರ್ 28ರಂದು ಸಂಸತ್ತಿನಲ್ಲಿ ಅವನ್ನು ಓದಿದರು, ನವೆಂಬರಿನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟ. ತನಗೇಕೆ ಬಡ್ತಿ ತಪ್ಪಿತೆಂದು ಕಾರ್ತೇಜ್ ಪಟ್ಟಿಯಲ್ಲಿದ್ದ ಅಧಿಕಾರಿಗೆ ಅಲ್ಲಿಯವರೆಗೆ ತಿಳಿಯುವ ದಾರಿಯೇ ಇರಲಿಲ್ಲ.

ಇಟಲಿಯ ಪಿ2 ಎಂಬ ಗುಪ್ತ ಲಾಡ್ಜಿನ ಕಥೆ ಇನ್ನೂ ಕೆಟ್ಟದ್ದು. 1981ರ ಮಾರ್ಚ್ 17ರಂದು ಅದರ ಮುಖ್ಯಸ್ಥ ಲಿಚೊ ಜೆಲ್ಲಿಯ ಕಚೇರಿಯಲ್ಲಿ ಪೊಲೀಸರಿಗೆ 962 ಹೆಸರಿನ ಸದಸ್ಯರ ಪಟ್ಟಿ ಸಿಕ್ಕಿತು. ಮಂತ್ರಿಗಳು, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರು, ಸೇನಾಧಿಕಾರಿಗಳು, ಆಗ ಉದ್ಯಮಿಯಾಗಿದ್ದ ಸಿಲ್ವಿಯೊ ಬೆರ್ಲುಸ್ಕೋನಿ ಅದರಲ್ಲಿದ್ದರು. ಸರಕಾರ ಬಿತ್ತು, 1982ರಲ್ಲಿ ರಹಸ್ಯ ಸಂಘಗಳನ್ನು ನಿಷೇಧಿಸುವ ಕಾನೂನು ಬಂತು. ಇಟಲಿಯ ಗ್ರ್ಯಾಂಡ್ ಓರಿಯಂಟ್ ಆ ಲಾಡ್ಜನ್ನು 1976ರಲ್ಲೇ ಅಮಾನತು ಮಾಡಿತ್ತು; ಆ ಮೇಲೂ ಅದು ನಡೆಯುತ್ತಲೇ ಇತ್ತು.

ಅಮೆರಿಕದಲ್ಲಿ 1826ರಲ್ಲಿ ಸಂಸ್ಥೆಯ ಗುಟ್ಟು ಪ್ರಕಟಿಸಲು ಹೊರಟ ವಿಲಿಯಂ ಮಾರ್ಗನ್ ಅಪಹರಣಕ್ಕೊಳಗಾಗಿ ಮತ್ತೆ ಕಾಣಲೇ ಇಲ್ಲ. ಅಪಹರಿಸಿದವರಿಗೆ ಸಣ್ಣಪುಟ್ಟ ಶಿಕ್ಷೆಯಷ್ಟೇ ಆಯಿತು. ಜನರ ಸಿಟ್ಟು ಒಂದು ರಾಜಕೀಯ ಪಕ್ಷವನ್ನೇ ಹುಟ್ಟಿಸಿತು, ಅದು 1832ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನು ಗೆದ್ದಿತು.

ಕೋರ್ಟಿನಲ್ಲಿ ಗುಟ್ಟಿನ ಸನ್ನೆ ಮಾಡಿದರೆ ಜಡ್ಜ್ ಬಿಟ್ಟುಬಿಡ್ತಾರಂತೆ, ಹೌದಾ?

ಇದಕ್ಕೆ 1912ರ ಲಂಡನ್ನಿನ ಒಂದು ಮೊಕದ್ದಮೆಯೇ ಉತ್ತರ. ಮನೆಯಲ್ಲಿ ಬಾಡಿಗೆಗಿದ್ದ ಎಲಿಜಾ ಬ್ಯಾರೊಗೆ ಆರ್ಸೆನಿಕ್ ಹಾಕಿ ಕೊಂದನೆಂದು ಫ್ರೆಡರಿಕ್ ಸೆಡನ್ ತಪ್ಪಿತಸ್ಥನಾದ. ಏನಾದರೂ ಹೇಳುವುದಿದೆಯೇ ಎಂದಾಗ, ವಿಶ್ವದ ಮಹಾಶಿಲ್ಪಿಯ ಮೇಲೆ ಆಣೆಯಿಟ್ಟು ನಿರಪರಾಧಿ ಎಂದ. ನ್ಯಾಯಮೂರ್ತಿ ಬಕ್ನಿಲ್ ಕೂಡ ಮೇಸನ್. ಅವರಿಗೆ ದುಃಖ ತಡೆಯಲಾಗಲಿಲ್ಲ. ನಾವಿಬ್ಬರೂ ಒಂದೇ ಬಳಗದವರು, ಆದರೆ ನಮ್ಮ ಬಳಗ ಅಪರಾಧವನ್ನು ಬೆಂಬಲಿಸುವುದಿಲ್ಲ, ಖಂಡಿಸುತ್ತದೆ ಎಂಬರ್ಥದ ಮಾತು ಹೇಳಿ ಮರಣದಂಡನೆ ವಿಧಿಸಿದರು. ಏಪ್ರಿಲ್ 18ರಂದು ಗಲ್ಲಾಯಿತು.

ಪೊಲೀಸರಲ್ಲಿ ಇವರು ಒಬ್ಬರನ್ನೊಬ್ಬರು ಕಾಪಾಡ್ತಾರೆ ಅಂತಾರಲ್ಲ?

ಖಾಸಗಿ ಪತ್ತೇದಾರ ಡೇನಿಯಲ್ ಮಾರ್ಗನ್ 1987ರ ಮಾರ್ಚ್ 10ರಂದು ದಕ್ಷಿಣ ಲಂಡನ್ನಿನ ಪಬ್ಬೊಂದರ ಪಾರ್ಕಿಂಗ್ ಜಾಗದಲ್ಲಿ ಕೊಡಲಿ ಏಟಿಗೆ ಸತ್ತ. ಹಲವು ತನಿಖೆಗಳಾದವು, ಯಾರಿಗೂ ಶಿಕ್ಷೆಯಾಗಲಿಲ್ಲ. 2021ರಲ್ಲಿ ವರದಿ ಕೊಟ್ಟ ಸ್ವತಂತ್ರ ಸಮಿತಿ, ತನಿಖೆಗಳಲ್ಲಿ ಮುಖ್ಯ ಪಾತ್ರ ವಹಿಸಿದ್ದ ಹತ್ತು ಪೊಲೀಸರು ಮೇಸನ್‌ಗಳಾಗಿದ್ದರು ಎಂದಿತು. ಮೇಸನ್ ಸಂಬಂಧ ಬಳಸಿ ತನಿಖೆಯನ್ನು ಹಾಳುಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದೂ ಹೇಳಿತು. ಹಾಗಿದ್ದೂ ಪೊಲೀಸರು ಸದಸ್ಯತ್ವವನ್ನು ತಿಳಿಸಲೇಬೇಕು ಎಂದು ಶಿಫಾರಸು ಮಾಡಿತು, ಯಾಕೆಂದರೆ ಅನುಮಾನ ಮೃತನ ಮನೆಯವರನ್ನು ದಶಕಗಳ ಕಾಲ ಕಾಡಿತ್ತು. ಈ ಮೂರು ಮಾತನ್ನೂ ಒಟ್ಟಿಗೆ ಓದಬೇಕು. ಒಂದನ್ನಷ್ಟೇ ಎತ್ತಿಕೊಂಡು ಎರಡೂ ಕಡೆಯವರು ವಾದ ಹೂಡುತ್ತಾರೆ.

ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಆ ಶಿಫಾರಸನ್ನು 2025ರ ಡಿಸೆಂಬರಿನಲ್ಲಿ ಜಾರಿಗೆ ತರುವುದಾಗಿ ಪ್ರಕಟಿಸಿತು. ಗ್ರ್ಯಾಂಡ್ ಲಾಡ್ಜ್ ಅದನ್ನು ವಿರೋಧಿಸಿ ಕೋರ್ಟಿಗೆ ಹೋಯಿತು.

ಸದಸ್ಯನ ಗುಟ್ಟು ಕಾಯಲೇಬೇಕು ಅಂತ ಪ್ರಮಾಣ ಮಾಡಿಸ್ತಾರಂತೆ. ಕೊಲೆ ಮಾಡಿದ್ರೂ?

ಮೂರನೇ ಮೆಟ್ಟಿಲಿನ ಪ್ರಮಾಣದಲ್ಲಿ ಗುಟ್ಟು ಕಾಯುವ ಮಾತು ಇದೆ. ಅದರ ಬೆನ್ನಿಗೇ ಕೊಲೆ, ರಾಜದ್ರೋಹ, ಘೋರ ಅಪರಾಧ ಮತ್ತು ದೇಶದ ಕಾನೂನಿಗೆ ವಿರುದ್ಧವಾದ ಎಲ್ಲವೂ ಇದಕ್ಕೆ ಹೊರತು ಎಂಬ ಸಾಲೂ ಇದೆ.

ಹಾಗಾದರೆ ಸದಸ್ಯರಿಗೆ ನ್ಯಾಯವಾಗಿ ಸಿಗೋದೇನು?

ಕಷ್ಟಕಾಲದ ಆಸರೆ. ಪ್ರತಿ ಲಾಡ್ಜಿನಲ್ಲೂ ಆಲ್ಮನರ್ ಎಂಬ ಪದಾಧಿಕಾರಿ ಇರುತ್ತಾನೆ. ಕಾಯಿಲೆ ಬಿದ್ದವರನ್ನು, ಗಂಡನನ್ನು ಕಳೆದುಕೊಂಡ ಹೆಂಗಸರನ್ನು ವಿಚಾರಿಸುವುದು ಅವನ ಹೊಣೆ. ಇಂಗ್ಲೆಂಡಿನಲ್ಲಿ ಮೇಸನ್‌ಗಳು ಹೆಣ್ಣುಮಕ್ಕಳಿಗಾಗಿ 1788ರಲ್ಲೇ ಶಾಲೆ ತೆರೆದರು. ಇದು ಸದಸ್ಯರು ತಮ್ಮ ಜೇಬಿನಿಂದ ಹಾಕಿದ ಹಣ. ಬೇರೆಯವರ ಪಾಲನ್ನು ಕಿತ್ತುಕೊಂಡದ್ದಲ್ಲವಾದ್ದರಿಂದ ಇದನ್ನು ಅನ್ಯಾಯದ ಲಾಭ ಎನ್ನಲಾಗದು.

## ಆಳದ ಪ್ರಶ್ನೆಗಳು

ಸರಕಾರ ಎಲ್ಲರ ಹೆಸರನ್ನೂ ಬಹಿರಂಗ ಮಾಡಿಸಬಹುದಲ್ಲ?

ಯುರೋಪಿನಲ್ಲಿ ಇದು ಅಷ್ಟು ಸಲೀಸಲ್ಲ. ಬ್ರಿಟಿಷ್ ಸಂಸತ್ತಿನ ಸಮಿತಿಯ 1997ರ ವರದಿಯ ನಂತರ, ಹೊಸದಾಗಿ ನೇಮಕವಾಗುವ ನ್ಯಾಯಾಧೀಶರು ಸದಸ್ಯತ್ವ ತಿಳಿಸಬೇಕೆಂದು 1998ರಲ್ಲಿ ನಿಯಮ ಬಂತು. ಆದರೆ ಮೇಸನ್ ಅಲ್ಲವೆಂದು ಘೋಷಿಸಿದವರಿಗಷ್ಟೇ ಹುದ್ದೆ ಎಂದ ಇಟಲಿಯ ಒಂದು ಪ್ರಾಂತದ ಕಾನೂನು ಸಂಘಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. 2007ರಲ್ಲಿ ಇನ್ನೊಂದು ಪ್ರಾಂತದ ಕಾನೂನು ಮೇಸನ್‌ಗಳನ್ನು ಮಾತ್ರ ಗುರಿಮಾಡಿ ತಾರತಮ್ಯ ಮಾಡಿದೆ ಎಂದಿತು. ಇದರಿಂದ 2009ರಲ್ಲಿ ಬ್ರಿಟನ್ ನ್ಯಾಯಾಧೀಶರ ನಿಯಮವನ್ನು ಕೈಬಿಟ್ಟಿತು.

ಖಾಸಗಿ ವ್ಯಕ್ತಿಯ ಸಂಘ ಅವನ ಸ್ವಂತದ್ದು. ಇನ್ನೊಬ್ಬರ ಸ್ವಾತಂತ್ರ್ಯ, ಆಸ್ತಿ, ಬಡ್ತಿಯ ಮೇಲೆ ಕೈಯಿರುವ ಹುದ್ದೆಯವರು ಮಾತ್ರ ಇಂಥ ಎಲ್ಲ ಆಪ್ತ ಸಂಘಗಳ ಸದಸ್ಯತ್ವವನ್ನು ಮೇಲಧಿಕಾರಿಗೆ ತಿಳಿಸಬೇಕು ಎಂಬ ಕಡೆಗೆ ನಮ್ಮ ಒಲವು. ಒಂದೇ ಸಂಘದ ಹೆಸರು ಹಿಡಿದು ಬರೆದ ನಿಯಮ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ನ್ಯಾಯಾಧೀಶರು ಸೇರೋದು ತಪ್ಪಾ?

ಇದಕ್ಕೆ ಮಾರ್ಗದರ್ಶನ ಕೊಡುವ ದಾಖಲೆಗೆ ನಮ್ಮೂರಿನ ಹೆಸರೇ ಇದೆ: ಬೆಂಗಳೂರು ನ್ಯಾಯಾಂಗ ನಡತೆಯ ತತ್ವಗಳು. 2001ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಭೆಯಲ್ಲಿ ಕರಡಾಗಿ, 2002ರ ನವೆಂಬರಿನಲ್ಲಿ ಹೇಗ್ ನಗರದಲ್ಲಿ ತಿದ್ದುಪಡಿಯಾದ ಇವು ಹಲವು ದೇಶಗಳಲ್ಲಿ ಮಾನ್ಯ. ಸಂಘ ಸೇರುವ ಹಕ್ಕು ನ್ಯಾಯಾಧೀಶರಿಗೂ ಇದೆ, ಹುದ್ದೆಯ ಘನತೆ, ನಿಷ್ಪಕ್ಷಪಾತ ಕೆಡಬಾರದು ಎನ್ನುತ್ತವೆ ತತ್ವಗಳು. ತಮ್ಮ ಮುಂದೆ ವಾದಿಸುವ ವಕೀಲರೂ ಇರಬಹುದಾದ ರಹಸ್ಯ ಸಂಘದಲ್ಲಿ ನ್ಯಾಯಾಧೀಶರು ಇರುವುದು ಸೂಕ್ತವಲ್ಲ ಎನ್ನುತ್ತದೆ ಅದರ ವ್ಯಾಖ್ಯಾನ. ಆ ವಕೀಲರಿಗೆ ಒಲವು ತೋರುತ್ತಾರೆ ಎಂದು ಜನ ಭಾವಿಸಲು ಆಸ್ಪದವಾಗುತ್ತದೆ ಎಂಬುದೇ ಕಾರಣ.

ನಾನು ಸರಕಾರಿ ನೌಕರ. ಸೇರಬಹುದಾ?

ಕೇಂದ್ರ ನೌಕರರಾದರೆ 1964ರ ನಡತೆ ನಿಯಮಗಳ 15ನೇ ನಿಯಮ ಓದಿ. ಚುನಾಯಿತ ಹುದ್ದೆ ಹಿಡಿಯಲು ಮೊದಲೇ ಅನುಮತಿ ಬೇಕು. ಲಾಡ್ಜಿನ ಮಾಸ್ಟರ್ (ಅಧ್ಯಕ್ಷ) ಮತ್ತು ಖಜಾಂಚಿ ಸದಸ್ಯರ ಮತದಿಂದ ಬರುವವರು. ಸದಸ್ಯನಾಗಿದ್ದು ಐದಾರು ವರ್ಷದ ಮೇಲೆ ಕುರ್ಚಿ ಹತ್ತುವಾಗ ಇದನ್ನು ಮರೆಯುವುದೇ ಸಾಮಾನ್ಯ ತಪ್ಪು. ರಾಜ್ಯ ನೌಕರರು ತಮ್ಮ ನಡತೆ ನಿಯಮ ನೋಡಿ, ಸೇರುವ ಮೊದಲು ಇಲಾಖೆಗೆ ಬರೆದು ಸ್ವೀಕೃತಿ ಇಟ್ಟುಕೊಳ್ಳಿ.

ಟೆಂಡರ್ ಗೆದ್ದವನೂ ಅಧಿಕಾರಿಯೂ ಒಂದೇ ಲಾಡ್ಜ್ ಅಂತ ಗುಮಾನಿ. ಏನು ಮಾಡಲಿ?

ಸದಸ್ಯತ್ವದ ಬೆನ್ನು ಹತ್ತಬೇಡಿ, ನಿರ್ಧಾರದ ಬೆನ್ನು ಹತ್ತಿ. ಇಬ್ಬರೂ ಮೇಸನ್ ಎಂದು ಸಾಬೀತಾದರೂ ಟೆಂಡರ್ ತಾನಾಗಿ ರದ್ದಾಗುವುದಿಲ್ಲ. ಷರತ್ತು ಪೂರೈಸದವನಿಗೆ ಕೊಟ್ಟದ್ದು ಸಾಬೀತಾದರೆ ಅವರು ಯಾರೇ ಆಗಿರಲಿ ನಿಮ್ಮ ವಾದ ನಿಲ್ಲುತ್ತದೆ. ಮಾಹಿತಿ ಹಕ್ಕಿನಲ್ಲಿ ತುಲನಾತ್ಮಕ ಪಟ್ಟಿ, ತಾಂತ್ರಿಕ ಮೌಲ್ಯಮಾಪನದ ಅಂಕಗಳು, ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು. ಎರಡು ಮೂರು ವಿಷಯ ತುರುಕಿದ ಅರ್ಜಿಗಳು ಇಲ್ಲೇ ವಾಪಸು ಬರುತ್ತವೆ.

ಉತ್ತರಕ್ಕೆ 30 ದಿನ ಹಿಡಿಯಬಹುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಪ್ರಕರಣದಡಿ ಮೇಲ್ಮನವಿಗೂ 30 ದಿನವೇ ಗಡುವು. ಆದ್ದರಿಂದ ಮಾಹಿತಿ ಬರಲಿ ಎಂದು ಕಾಯದೆ ಎರಡನ್ನೂ ಒಟ್ಟಿಗೆ ಹಾಕಿ. ಮೇಲ್ಮನವಿಯಲ್ಲಿ ನೇರ ಪುರಾವೆ ಇಲ್ಲದೆ ಲಾಡ್ಜಿನ ಹೆಸರು ಎತ್ತಬೇಡಿ, ಮಾನನಷ್ಟದ ನೋಟಿಸು ಬರುವುದು ಆ ಒಂದು ಸಾಲಿನಿಂದಲೇ. ವಿಚಾರಣೆ ನಡೆಸುವವರೇ ಗೆದ್ದವನ ಆಪ್ತರೆಂದು ಗೊತ್ತಿದ್ದರೆ ಮೊದಲ ದಿನವೇ ಲಿಖಿತ ಆಕ್ಷೇಪ ಕೊಡಿ. ಸೋತ ಮೇಲೆ ಎತ್ತಿದ ಆಕ್ಷೇಪಕ್ಕೆ ಬೆಲೆ ಸಿಗುವುದು ಕಷ್ಟ.

ಸೇರಿದ ಮೇಲೆ ಬಿಡೋಕೆ ಆಗುತ್ತಾ?

ಆಗುತ್ತದೆ. ಬಾಕಿ ವಂತಿಗೆ ಕಟ್ಟಿ ಕಾರ್ಯದರ್ಶಿಗೆ ಲಿಖಿತ ರಾಜೀನಾಮೆ ಕೊಟ್ಟರೆ ಸಾಕು. ಬಾಕಿ ಇಲ್ಲವೆಂಬ ಪ್ರಮಾಣಪತ್ರ ಕೇಳಿ ಪಡೆದುಕೊಳ್ಳಿ, ಮುಂದೆ ಬೇರೆ ಲಾಡ್ಜ್ ಸೇರುವುದಾದರೆ ಅದನ್ನೇ ಮೊದಲು ಕೇಳುತ್ತಾರೆ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ಹೆಸರು ಪಟ್ಟಿಯಲ್ಲೇ ಉಳಿದು ವಂತಿಗೆ ಬೆಳೆಯುತ್ತಾ ಹೋಗುತ್ತದೆ.